ಗಣಿಯ ಪಂಡಿತ ಅಗ್ರಿಕೋಲ

ಡಾಲರ್ ಎಂಬ ನಾಣ್ಯದ ಹೆಸರನ್ನು ಕೇಳದವರು ಇಂದು ವಿರಳ. ಆದರೆ ಆ ಹೆಸರಿನ ತವರು ಅಮೆರಿಕವಲ್ಲ, ಮಧ್ಯ ಯೂರೋಪಿನ ಬೊಹೀಮಿಯ ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಸ್ಯಾಕ್ಸನಿಗೂ ಬೊಹೀಮಿಯಕ್ಕೂ ನಡುವೆ ಎಲ್ಲೆಯಾಗಿ ಹಬ್ಬಿರುವ ಬೆಟ್ಟಸಾಲಿಗೆ ಜರ್ಮನರು ಅದಿರಿನ ಬೆಟ್ಟಗಳೆಂದೇ ಹೆಸರಿಟ್ಟಿದ್ದಾರೆ. ಆ ಸಾಲಿನ ಒಂದು ಕಾಡುಕಣಿವೆಯಲ್ಲಿ 16ನೆಯ ಶತಮಾನದ ಆರಂಭದಲ್ಲಿ ಸಮೃದ್ಧವಾದ ಬೆಳ್ಳಿಯ ಅದಿರು ಕಾಣಿಸಿಕೊಂಡಿತು. 1516ರಲ್ಲಿ ಅಲ್ಲಿ ಊರು ಕಟ್ಟಿದರು. ಸಂತ ಯೋಆಖಿಮನ ಹೆಸರಿಟ್ಟು ಯೋಆಖಿಮ್ಸ್‌ಟಾಲ್ ಎಂದು ಕರೆದರು. ಟಾಲ್ ಎಂದರೆ ಕಣಿವೆ. ಆ ಪ್ರದೇಶದ ಒಡೆಯರಾದ ಶ್ಲಿಕ್ ಮನೆತನದವರು ಅಲ್ಲಿಯ ಬೆಳ್ಳಿಯಿಂದ ಅಚ್ಚುಹಾಕಿಸಿದ ದೊಡ್ಡ ನಾಣ್ಯ ಯೋಆಖಿಮ್ಸ್‌ಟಾಲರ್ ಎನಿಸಿತು. ಬಾಯಿಂದ ಬಾಯಿಗೆ ಸವೆದು ಅದು ಟಾಲರ್ ಆಯಿತು. ದೇಶದಿಂದ ದೇಶಕ್ಕೆ ಸಾಗಿ ಕಡೆಗೆ ಡಾಲರ್ ಆಯಿತು.

ಈ ಊರಿಗೆ 1527ರಲ್ಲಿ ಮೂವತ್ತಮೂರು ವಯಸ್ಸಿನ ಒಬ್ಬ ಪಂಡಿತನು ಪುರವೈದ್ಯನಾಗಿ ಬಂದನು. ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಪಾರಂಗತನಾದ ಆತನಿಗೆ ಗಣಿಯ ಕೆಲಸದ ಅನುಭವ ಮೊದಲು ಇರಲಿಲ್ಲ. ಮುಂದೆ ಖನಿಜಶಾಸ್ತ್ರದ ಜನಕನೆಂದು ಲೋಕವು ಕೊಂಡಾಡಿದ ಗೇಯೋರ್ಗಿಯುಸ್ ಅಗ್ರಿಕೋಲ ಈತನೇ.

ಅಗ್ರಿಕೋಲ ಹುಟ್ಟಿದ್ದು 1494ರ ಮಾರ್ಚ್ 24ರಂದು, ಸ್ಯಾಕ್ಸನಿಯ ಗ್ಲೌಖೌ ಎಂಬ ಸಣ್ಣ ಊರಿನಲ್ಲಿ. ಕೊಲಂಬಸನು ಹೊಸ ಖಂಡವನ್ನು ಕಂಡು ಎರಡೇ ವರ್ಷಗಳಾಗಿದ್ದವು. ತಂದೆ ಬಟ್ಟೆಯ ಕಸುಬಿನವನು. ತಾಯಿತಂದೆಗಳು ಇಟ್ಟ ಹೆಸರು ಗೇಯೋರ್ಗ್. ಮನೆತನದ ಹೆಸರು ಬೌವರ್, ಎಂದರೆ ಬೇಸಾಯಗಾರ. ಆ ಕಾಲದ ವಿದ್ವಾಂಸರು ತಮ್ಮ ಹೆಸರುಗಳನ್ನು ಲ್ಯಾಟಿನ್ನಿಗೆ ತಿರುಗಿಸಿಕೊಳ್ಳುವುದು ವಾಡಿಕೆ. ಅದರಂತೆ ಬೌವರ್ ಹೋಗಿ ಅದೇ ಅರ್ಥದ ಅಗ್ರಿಕೋಲ ಎಂಬ ಹೆಸರು ನಿಂತಿತು. ನೆಲದ ಮೇಲೆ ಉಳುವವನ ಹೆಸರನ್ನು ಹೊತ್ತವನು ನೆಲದ ಕೆಳಗಣ ಬೆಳೆಯನ್ನು ಅರಸಹೊರಟದ್ದು ಒಂದು ವಿನೋದವೇ ಸರಿ.

1514ರಲ್ಲಿ ಆತನು ಲೈಪ್‌ಜಿಗ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಪ್ರಾಚೀನ ಭಾಷೆಗಳಲ್ಲಿ ಪರಿಣತಿ ಪಡೆದು, 1518ರಲ್ಲಿ ತ್ಸ್ವಿಕೌ ಪಟ್ಟಣದ ಶಾಲೆಯಲ್ಲಿ ಉಪಾಧ್ಯಾಯನಾದನು. 1520ರಲ್ಲಿ ಅಚ್ಚಾದ ಆತನ ಮೊದಲ ಕೃತಿ ಮಕ್ಕಳಿಗಾಗಿ ಬರೆದ ಲ್ಯಾಟಿನ್ ವ್ಯಾಕರಣದ ಒಂದು ಕಿರುಹೊತ್ತಗೆ. ಅದೇ ಕಾಲಕ್ಕೆ ಲೂಥರನ ಧರ್ಮಸುಧಾರಣೆಯ ಬಿರುಗಾಳಿ ಸ್ಯಾಕ್ಸನಿಯನ್ನೆಲ್ಲ ಅಲುಗಿಸುತ್ತಿತ್ತು. ತ್ಸ್ವಿಕೌ ಅದರ ಸುಳಿಯ ನಡುವೆಯೇ ಇತ್ತು. ಇಗರ್ಜಿಯ ದೋಷಗಳನ್ನು ತಿದ್ದಬೇಕೆಂಬ ಮಾತಿಗೆ ಅಗ್ರಿಕೋಲನ ಮನಸ್ಸೂ ಮೊದಮೊದಲು ಒಲಿದಿತ್ತು. ಆದರೆ ಕಲಹವು ಬೆಳೆದಂತೆ ಆತನು ಹಿಂದಕ್ಕೆ ಸರಿದು ಹಳೆಯ ಮತದಲ್ಲಿಯೇ ನಿಂತನು. ಈ ನಿಲುವಿಗೆ ಆತನು ತೆತ್ತ ಬೆಲೆಯನ್ನು ಮುಂದೆ ಕಾಣುವೆವು.

ಅಲ್ಲಿಂದ ಲೈಪ್‌ಜಿಗ್‌ಗೆ ಮರಳಿ, ಅನಂತರ ಇಟಲಿಗೆ ತೆರಳಿ ಆತನು ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದನು. ವೆನಿಸ್ಸಿನಲ್ಲಿ ಆಲ್ಡಸನ ಪ್ರಸಿದ್ಧ ಮುದ್ರಣಾಲಯವು ಗ್ರೀಕ್ ವೈದ್ಯನಾದ ಗ್ಯಾಲೆನನ ಗ್ರಂಥಗಳನ್ನು ಮೂಲಭಾಷೆಯಲ್ಲಿ ಹೊರತರುತ್ತಿತ್ತು. ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವ ಆ ಕೆಲಸದಲ್ಲಿ ಅಗ್ರಿಕೋಲನೂ ಭಾಗಿಯಾದನು. ಗ್ರಂಥಸಂಪಾದನೆಯ ಈ ಶಿಸ್ತು ಆತನಿಗೆ ಕಡೆಯವರೆಗೂ ಒದಗಿಬಂದಿತು.

ಗಣಿಯ ಕಡೆಗೆ ಆತನ ಮನಸ್ಸು ತಿರುಗಿದ್ದಕ್ಕೂ ಕಾರಣ ಈ ಗ್ರಂಥಗಳೇ. ಪ್ರಾಚೀನ ವೈದ್ಯರು ತಮ್ಮ ಔಷಧಗಳಲ್ಲಿ ಅನೇಕ ಮಣ್ಣು, ಕಲ್ಲು, ಲವಣಗಳನ್ನು ಹೆಸರಿಸಿದ್ದಾರೆ. ಹೆಸರುಗಳು ಉಳಿದಿದ್ದವು, ವಸ್ತು ಯಾವುದೆಂಬುದು ಮರೆತುಹೋಗಿತ್ತು. ನಮ್ಮ ಹಳೆಯ ನಿಘಂಟುಗಳಲ್ಲಿ ಗಿಡಮೂಲಿಕೆಯ ಹೆಸರನ್ನು ಓದಿ, ಕಾಡಿನಲ್ಲಿ ಆ ಗಿಡ ಯಾವುದೆಂದು ತೋರಿಸಲಾರದೆ ತೊಡರುವವರಿಗೆ ಈ ಕಷ್ಟ ಅರ್ಥವಾದೀತು. ಡಯಾಸ್ಕೊರಿಡೀಸನೂ ಪ್ಲಿನಿಯೂ ಹೇಳಿದ ಖನಿಜಗಳನ್ನು ಕಣ್ಣಾರೆ ಕಂಡು ಗುರುತಿಸಬೇಕಾದರೆ ಅವು ನೆಲದಿಂದ ಮೇಲಕ್ಕೆ ಬರುವ ಎಡೆಗೇ ಹೋಗಬೇಕೆಂದು ಆತನು ನಿಶ್ಚಯಿಸಿದನು. ಯೋಆಖಿಮ್ಸ್‌ಟಾಲಿನ ವೈದ್ಯಪದವಿ ಅದಕ್ಕೆ ತಕ್ಕ ಅವಕಾಶವಾಯಿತು.

ಕಾಡಿದ್ದ ಕಡೆ ಹತ್ತಿಪ್ಪತ್ತು ವರ್ಷಗಳಲ್ಲಿ ಸಹಸ್ರಾರು ಜನರ ನಗರವೇ ಎದ್ದಿತ್ತು. ರೋಗಿಗಳನ್ನು ನೋಡಿ ಮಿಕ್ಕ ಹೊತ್ತನ್ನೆಲ್ಲ ಅಗ್ರಿಕೋಲ ಗಣಿಯ ಬಾವಿಗಳಲ್ಲಿಯೂ ಕುಲುಮೆಗಳ ಬಳಿಯಲ್ಲಿಯೂ ಕಳೆದನು. ಅಗೆಯುವವರನ್ನು, ಅದಿರು ತೊಳೆಯುವವರನ್ನು, ಲೋಹ ಕರಗಿಸುವವರನ್ನು ಮಾತನಾಡಿಸಿದನು. ಲೊರೆಂಟ್ಸ್ ಬೆರ್ಮನ್ ಎಂಬ ಅನುಭವಿಯಾದ ಗಣಿಗಾರನು ಆತನಿಗೆ ಮಿತ್ರನೂ ಗುರುವೂ ಆದನು. 1530ರಲ್ಲಿ ಬಾಸೆಲ್ ನಗರದ ಫ್ರೋಬೆನ್ ಮುದ್ರಣಾಲಯದಿಂದ ಹೊರಟ ಅಗ್ರಿಕೋಲನ ಮೊದಲ ಖನಿಜಗ್ರಂಥ ಈ ಮಿತ್ರನ ಹೆಸರನ್ನೇ ಹೊತ್ತು ‘ಬೆರ್ಮನ್ನುಸ್’ ಎನಿಸಿತು. ಬೆಟ್ಟ ಹತ್ತುತ್ತ ಬೆರ್ಮನ್ ಇಬ್ಬರು ವೈದ್ಯರೊಡನೆ ನಡೆಸುವ ಸಂವಾದ ಅದು. ವೈದ್ಯರು ಶಾಸ್ತ್ರವಾಕ್ಯವನ್ನು ಮುಂದಿಡುತ್ತಾರೆ. ಗಣಿಗಾರನು ಕೈಯಲ್ಲಿ ಕಲ್ಲನ್ನು ಹಿಡಿದು ಉತ್ತರ ಹೇಳುತ್ತಾನೆ. ಯೂರೋಪಿನ ವಿದ್ವದ್ಗುರುವಾಗಿದ್ದ ಇರಾಸ್ಮಸನೇ ಈ ಪುಸ್ತಕಕ್ಕೆ ಮೆಚ್ಚುಗೆಯ ಮುನ್ನುಡಿಪತ್ರವನ್ನು ಬರೆದುಕೊಟ್ಟನು.

ಆಕಾಶದಲ್ಲಿ ಏಳು ಗ್ರಹಗಳು, ಭೂಮಿಯಲ್ಲಿ ಏಳು ಲೋಹಗಳು, ಒಂದೊಂದಕ್ಕೆ ಒಂದೊಂದು ಗ್ರಹ ಅಧಿಪತಿ: ಇದು ಅಂದಿನ ರಸವಾದಿಗಳ ನಂಬಿಕೆ. ಬಂಗಾರಕ್ಕೆ ಸೂರ್ಯ, ಬೆಳ್ಳಿಗೆ ಚಂದ್ರ. ಗಣಿಗಾರರು ಬಿಸ್ಮತ್ ಎಂದು ಕರೆಯುತ್ತಿದ್ದ ವಸ್ತುವನ್ನು ಪರೀಕ್ಷಿಸಿ, ಇದು ಸೀಸವೂ ಅಲ್ಲ ತವರವೂ ಅಲ್ಲ, ಬೇರೆಯೇ ಒಂದು ಲೋಹವೆಂದು ಅಗ್ರಿಕೋಲ ಸಾರಿದನು. ಏಳರ ಲೆಕ್ಕ ಅಲ್ಲಿಗೆ ಮುರಿಯಿತು. ಗ್ರಹಗಳ ಸಂಖ್ಯೆಯನ್ನು ನೋಡಿ ಲೋಹಗಳನ್ನು ಎಣಿಸುವುದಕ್ಕಿಂತ ಗಣಿಯಿಂದ ಬಂದುದನ್ನು ನೋಡಿ ಎಣಿಸುವುದು ಮೇಲೆಂಬುದು ಆತನ ಮತ.

1530ರ ದಶಕದ ಆರಂಭದಲ್ಲಿ ಅಗ್ರಿಕೋಲ ಖೆಮ್ನಿಟ್ಸ್ ನಗರಕ್ಕೆ ವೈದ್ಯನಾಗಿ ಬಂದು ಅಲ್ಲಿಯೇ ನೆಲೆಸಿದನು. ದೇವರ ಕೊಡುಗೆ ಎಂಬ ಹೆಸರಿನ ಬೆಳ್ಳಿಯ ಗಣಿಯೊಂದರಲ್ಲಿ ಆತನಿಗೆ ಪಾಲಿತ್ತು. ಅದು ಹೆಸರಿಗೆ ತಕ್ಕಂತೆ ಕೈಹಿಡಿಯಿತು. ಹಣದ ಚಿಂತೆಯಿಲ್ಲದ ಬದುಕನ್ನು ಆತನು ವಿಲಾಸಕ್ಕೆ ಬಳಸಲಿಲ್ಲ, ಬರವಣಿಗೆಗೆ ಬಳಸಿದನು. 1546ರಲ್ಲಿ ಹಲವು ಗ್ರಂಥಗಳನ್ನು ಕೂಡಿದ ಒಂದು ದೊಡ್ಡ ಸಂಪುಟ ಬಾಸೆಲ್ಲಿನಿಂದ ಹೊರಬಂದಿತು. ಭೂಗರ್ಭದ ವಸ್ತುಗಳ ಹುಟ್ಟು ಮತ್ತು ಕಾರಣಗಳನ್ನು ಕುರಿತ ಐದು ಭಾಗಗಳ ಗ್ರಂಥ ಅದರಲ್ಲಿ ಒಂದು. ಅಗೆದು ತೆಗೆದ ವಸ್ತುಗಳ ಸ್ವಭಾವವನ್ನು ಕುರಿತ ಹತ್ತು ಭಾಗಗಳ ಗ್ರಂಥ ಇನ್ನೊಂದು.

ಈ ಎರಡನೆಯ ಗ್ರಂಥದ ಹೆಸರಿನಲ್ಲಿ ಫಾಸಿಲ್ ಎಂಬ ಮಾತು ಇದೆ. ಇಂದು ನಾವು ಅದನ್ನು ಕಲ್ಲಾದ ಜೀವಾವಶೇಷಕ್ಕೆ ಮಾತ್ರ ಬಳಸುತ್ತೇವೆ. ಅಗ್ರಿಕೋಲನಿಗೆ ಅದರ ಮೂಲಾರ್ಥವೇ ಸಮ್ಮತ: ನೆಲದಿಂದ ಅಗೆದು ತೆಗೆದದ್ದೆಲ್ಲವೂ ಫಾಸಿಲ್. ಆತನಿಗಿಂತ ಹಿಂದಿನ ರತ್ನಪರೀಕ್ಷೆಯ ಪುಸ್ತಕಗಳಲ್ಲಿ ಕಲ್ಲುಗಳನ್ನು ಅಕಾರಾದಿಯಾಗಿ ಪಟ್ಟಿಮಾಡಿ, ಯಾವ ಕಲ್ಲು ಯಾವ ಪೀಡೆಯನ್ನು ಕಳೆಯುವುದೆಂದು ಹೇಳುವ ಪದ್ಧತಿಯಿತ್ತು. ಅಗ್ರಿಕೋಲ ಆ ಜಾಡನ್ನು ಬಿಟ್ಟನು. ಬಣ್ಣ, ಹೊಳಪು, ರುಚಿ, ವಾಸನೆ, ತೂಕ, ಗಡಸುತನ, ಆಕಾರ, ಪಾರದರ್ಶಕತೆ, ನೀರಿನಲ್ಲಿ ಕರಗುವುದೋ ಇಲ್ಲವೋ, ಬೆಂಕಿಗೆ ಇಟ್ಟರೆ ಏನಾಗುವುದು ಎಂಬ ಇಂದ್ರಿಯಗೋಚರ ಲಕ್ಷಣಗಳಿಂದಲೇ ಖನಿಜವನ್ನು ಗುರುತಿಸಬೇಕೆಂದನು. ಮಣ್ಣುಗಳು, ಲವಣಾದಿ ಗಟ್ಟಿಗೊಂಡ ರಸಗಳು, ಕಲ್ಲುಗಳು, ಲೋಹಗಳು, ಇವು ಒಂದರೊಡನೊಂದು ಬೆರೆತವು ಎಂದು ವರ್ಗಗಳನ್ನು ಮಾಡಿದನು. ಇಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಖನಿಜದ ತುಂಡನ್ನು ಕೈಗೆತ್ತಿಕೊಂಡು ಮೊದಲು ಬಣ್ಣ, ಆಮೇಲೆ ಹೊಳಪು, ಆಮೇಲೆ ಗಡಸುತನ ಎಂದು ಬರೆದುಕೊಳ್ಳುವಾಗ ಈ ಹಳೆಯ ಕ್ರಮವನ್ನೇ ಅನುಸರಿಸುತ್ತಾನೆ.

ಸ್ಯಾಕ್ಸನಿಯ ಸ್ಟೋಲ್ಪೆನ್ ಕೋಟೆ ನಿಂತಿರುವ ಕಂಬಕಂಬವಾದ ಕಪ್ಪು ಶಿಲೆಗೆ ಆತನು ಪ್ರಾಚೀನರಿಂದ ಬಂದ ಬೇಸಾಲ್ಟ್ ಎಂಬ ಹೆಸರನ್ನು ಇಟ್ಟನು. ಶಿಲಾಶಾಸ್ತ್ರದಲ್ಲಿ ಆ ಹೆಸರು ಸ್ಥಿರವಾಯಿತು. ನಮ್ಮ ವಿಜಯಪುರ, ಬೀದರ್, ಕಲಬುರಗಿಗಳ ಕಪ್ಪುನೆಲದ ಅಡಿಯಲ್ಲಿ ಹಾಸಿರುವ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ.

ಅದಿರು ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಆತನು ಕೊಟ್ಟ ಉತ್ತರದಲ್ಲಿ ಸರಿಯಾದದ್ದೂ ಇದೆ, ತಪ್ಪಾದದ್ದೂ ಇದೆ. ಲೋಹವು ಮಣ್ಣು ನೀರುಗಳ ಮಿಶ್ರಣವೆಂದು ಆತನು ನಂಬಿದ್ದನು. ರಸಾಯನಶಾಸ್ತ್ರ ಇನ್ನೂ ಹುಟ್ಟದ ಕಾಲವದು. ಆದರೆ ಬಂಡೆ ಮೊದಲು, ಬಿರುಕು ಆಮೇಲೆ, ಆ ಬಿರುಕುಗಳಲ್ಲಿ ಹರಿದ ಖನಿಜಯುಕ್ತ ರಸವು ಗಟ್ಟಿಗೊಂಡು ಅದಿರಿನ ಸಿರೆಯಾಯಿತು ಎಂಬ ಆತನ ಊಹೆ ಅಪೂರ್ವವಾದುದು. ಭೂಮಿಯ ಜೊತೆಗೇ ಅದಿರೂ ಸೃಷ್ಟಿಯಾಯಿತೆಂದು ಜನ ತಿಳಿದಿದ್ದಾಗ, ಬಂಡೆಗೂ ಸಿರೆಗೂ ವಯಸ್ಸಿನ ಭೇದವುಂಟೆಂದು ಆತನು ಕಂಡನು. ನೆಲದೊಳಗೂ ಹಿಂದು ಮುಂದು ಎಂಬುದಿದೆ ಎಂಬ ಈ ತಿಳಿವಿನಿಂದಲೇ ಭೂವಿಜ್ಞಾನ ಬೆಳೆಯಬೇಕಾಗಿತ್ತು.

ಕಾಲದ ನಂಬಿಕೆಗಳಿಂದ ಆತನು ಪೂರ್ತಿ ಪಾರಾಗಿದ್ದನೆಂದು ಹೇಳಲಾಗದು. ಗಣಿಗಳಲ್ಲಿ ಭೂತಗಳಿವೆಯೆಂದು ಆತನು ಒಪ್ಪಿದ್ದನು. ಆನ್ನಾಬೆರ್ಗಿನ ಒಂದು ಗಣಿಯಲ್ಲಿ ಕುದುರೆಯ ರೂಪದ ಭೂತವೊಂದು ಉಸಿರಿನಿಂದಲೇ ಹನ್ನೆರಡು ಜನಕ್ಕಿಂತ ಹೆಚ್ಚು ಕೆಲಸಗಾರರನ್ನು ಕೊಂದಿತೆಂಬ ಕಥೆಯನ್ನು ಬರೆದಿದ್ದಾನೆ. ಆ ಉಸಿರು ಸುರಂಗದ ವಿಷವಾಯುವಿದ್ದೀತೆಂದು ನಾವು ಇಂದು ಊಹಿಸಬಹುದು. ಬೆಳ್ಳಿಯಂತೆ ತೋರಿ, ಕರಗಿಸಿದರೆ ಬೆಳ್ಳಿ ಕೊಡದೆ, ಕೆಲಸಗಾರರ ಕೈಕಾಲುಗಳನ್ನು ತಿನ್ನುವ ಅದಿರೊಂದನ್ನು ಗಣಿಗಾರರು ಕೊಬೋಲ್ಡ್ ಎಂಬ ಕಿರುಭೂತದ ಹೆಸರಿನಿಂದ ಕರೆಯುತ್ತಿದ್ದರು. 18ನೆಯ ಶತಮಾನದಲ್ಲಿ ಅದರಿಂದ ಹೊಸ ಲೋಹವೊಂದು ಬೇರ್ಪಟ್ಟಾಗ ಕೋಬಾಲ್ಟ್ ಎಂಬ ಹೆಸರೇ ಅದಕ್ಕೆ ಉಳಿಯಿತು.

ಅಗ್ರಿಕೋಲನ ಕೀರ್ತಿಯ ಮುಖ್ಯ ಆಧಾರ ‘ದೆ ರೆ ಮೆತಾಲ್ಲಿಕ’ ಎಂಬ ಮಹಾಗ್ರಂಥ. ಲೋಹವಿದ್ಯೆಯನ್ನು ಕುರಿತು ಎಂದು ಅದರ ಅರ್ಥ. ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯಿಂದ 1550ರ ಹೊತ್ತಿಗೆ ಅದು ಸಿದ್ಧವಾಯಿತು. ಹನ್ನೆರಡು ಭಾಗಗಳು. ಸಿರೆಯನ್ನು ಹುಡುಕುವುದು, ನೆಲವನ್ನು ಅಳೆಯುವುದು, ಬಾವಿ ತೋಡುವುದು, ಅದಿರನ್ನು ಒರೆಹಚ್ಚಿ ಪರೀಕ್ಷಿಸುವುದು, ಕುಟ್ಟಿ ತೊಳೆಯುವುದು, ಕುಲುಮೆಯಲ್ಲಿ ಕರಗಿಸುವುದು, ಬಂಗಾರವನ್ನು ಬೆಳ್ಳಿಯಿಂದಲೂ ಬೆಳ್ಳಿಯನ್ನು ತಾಮ್ರದಿಂದಲೂ ಬೇರ್ಪಡಿಸುವುದು, ಕಡೆಗೆ ಉಪ್ಪು, ಪಟಿಕ, ಗಂಧಕ, ಗಾಜುಗಳ ತಯಾರಿಕೆ: ಹೀಗೆ ಗಣಿಯ ಕಸುಬಿನ ಯಾವ ಅಂಗವೂ ಅದರಲ್ಲಿ ಬಿಟ್ಟುಹೋಗಿಲ್ಲ. ತಾನು ಕಾಣದುದನ್ನು, ನಂಬತಕ್ಕವರಿಂದ ಕೇಳದುದನ್ನು ಅಥವಾ ಓದದುದನ್ನು ಬರೆಯಲಿಲ್ಲವೆಂದು ಮುನ್ನುಡಿಯಲ್ಲಿ ತಿಳಿಸುತ್ತಾನೆ. ಕೀಳುಲೋಹವನ್ನು ಬಂಗಾರ ಮಾಡುವೆವೆಂಬ ರಸವಾದಿಗಳ ವಿಷಯದಲ್ಲಿ, ಅವರ ವಿದ್ಯೆ ನಿಜವಾಗಿದ್ದರೆ ಊರೂರುಗಳೂ ಬಂಗಾರದಿಂದ ತುಂಬಿಹೋಗಬೇಕಾಗಿತ್ತೆಂದು ನಗುತ್ತಾನೆ. ಕವಲುಕಡ್ಡಿ ಹಿಡಿದು ಅದಿರನ್ನು ಹುಡುಕುವ ವಾಡಿಕೆಯನ್ನು ವಿವರವಾಗಿ ಬಣ್ಣಿಸಿ, ನಿಸರ್ಗದ ಗುರುತುಗಳನ್ನು ಓದಬಲ್ಲ ಗಣಿಗಾರನಿಗೆ ಅದು ಬೇಕಿಲ್ಲವೆಂದು ತೀರ್ಮಾನಿಸುತ್ತಾನೆ.

ಇಲ್ಲಿ ಭಾಷೆಯ ಅಭ್ಯಾಸಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ಆತನು ಬರೆದದ್ದು ಲ್ಯಾಟಿನ್ನಿನಲ್ಲಿ. ಗಣಿಯ ಕಸುಬು ಬದುಕಿದ್ದುದು ಜರ್ಮನ್ ಕೆಲಸಗಾರರ ಬಾಯಲ್ಲಿ. ರೋಮನರು ಕಂಡೇ ಇಲ್ಲದ ರಾಟೆ, ಪಂಪು, ಕುಲುಮೆಗಳಿಗೆ ಅವರ ಭಾಷೆಯಲ್ಲಿ ಹೆಸರೆಲ್ಲಿ ಬರಬೇಕು? ಅಗ್ರಿಕೋಲ ನೂರಾರು ಮಾತುಗಳನ್ನು ತಾನೇ ಕಟ್ಟಬೇಕಾಯಿತು. ಓದುಗರು ದಿಕ್ಕುಗೆಡದಿರಲೆಂದು 1546ರ ಸಂಪುಟದಲ್ಲಿ ಲ್ಯಾಟಿನ್ ಜರ್ಮನ್ ಶಬ್ದಕೋಶವನ್ನು ಸೇರಿಸಿದನು. ಆದರೂ ತೊಡಕು ತಪ್ಪಲಿಲ್ಲ. ಕಸುಬನ್ನು ಅರಿಯದ ಪಂಡಿತರು ಮುಂದೆ ಆ ಮಾತುಗಳನ್ನು ತಪ್ಪಾಗಿ ಅರ್ಥಮಾಡಿದರು. ಕನ್ನಡದಲ್ಲಿ ಶಾಸ್ತ್ರಗ್ರಂಥ ಬರೆಯಹೊರಟವರು ಈ ಸಂಕಟವನ್ನು ಬಲ್ಲರು. ಕೆಲಸಗಾರನ ಮಾತನ್ನು ಬಿಟ್ಟು ಪಂಡಿತರ ಭಾಷೆಗೆ ಹೋದಾಗ ಗೌರವ ಹೆಚ್ಚುತ್ತದೆ, ದಾರಿ ದೂರವಾಗುತ್ತದೆ.

ಮಾತು ಸೋತ ಕಡೆ ಚಿತ್ರ ನೆರವಿಗೆ ಬಂದಿತು. ತನ್ನ ಹಣದಿಂದಲೇ ಚಿತ್ರಕಾರರನ್ನು ನೇಮಿಸಿ ಉಪಕರಣಗಳನ್ನೂ ಯಂತ್ರಗಳನ್ನೂ ಬರೆಸಿದನು. ಮರದಲ್ಲಿ ಕೆತ್ತಿ ಅಚ್ಚುಹಾಕಿದ ಆ ಚಿತ್ರಗಳು ಇನ್ನೂರೈವತ್ತಕ್ಕೂ ಮಿಕ್ಕಿವೆ. ನಮ್ಮ ಕಪಿಲೆಯಂತೆ ತೊಗಲ ಚೀಲಗಳಿಂದ ನೀರೆತ್ತುವ ಯಂತ್ರ, ಮುಂದಕ್ಕೂ ಹಿಂದಕ್ಕೂ ತಿರುಗಬಲ್ಲ ಮೂವತ್ತಾರು ಅಡಿಯ ನೀರುಚಕ್ರ, ಸುರಂಗಕ್ಕೆ ಗಾಳಿಯೂಡುವ ತಿದಿಗಳು, ಏಣಿಯಿಳಿಯುವ ಕೆಲಸಗಾರರು, ಅದಿರು ಆರಿಸುವ ಹೆಂಗಸರು ಎಲ್ಲರೂ ಅಲ್ಲಿದ್ದಾರೆ.

ಈ ಗ್ರಂಥ ಯಂತ್ರಗಳ ಪುಸ್ತಕವಷ್ಟೇ ಆಗಿದ್ದರೆ ಇಂದು ಅದನ್ನು ಇತಿಹಾಸಕಾರರು ಮಾತ್ರ ಓದುತ್ತಿದ್ದರು. ಬರೆದವನು ವೈದ್ಯನಾದುದರಿಂದ ಆತನ ಕಣ್ಣು ಮನುಷ್ಯನ ಮೇಲೂ ಬಿದ್ದಿತು. ದಿನರಾತ್ರಿಯ ಇಪ್ಪತ್ತನಾಲ್ಕು ಗಂಟೆಗಳನ್ನು ಏಳೇಳು ಗಂಟೆಯ ಮೂರು ಪಾಳಿಗಳಾಗಿ ಹಂಚಿ, ಉಳಿದ ಮೂರು ಗಂಟೆಗಳನ್ನು ಹೋಗಿಬರಲು ಬಿಡುತ್ತಿದ್ದರೆಂದು ಆತನು ಬರೆಯುತ್ತಾನೆ. ರಾತ್ರಿಯ ಪಾಳಿಗೆ ಅಗತ್ಯ ಬಿದ್ದಾಗ ಮಾತ್ರ ಅನುಮತಿ. ಆಗ ಎಣ್ಣೆದೀಪದ ಮಂದ ಬೆಳಕಿನಲ್ಲಿ ನಿದ್ದೆ ಬಾರದಿರಲೆಂದು ಕೆಲಸಗಾರರು ಹಾಡುತ್ತ ಅಗೆಯುತ್ತಿದ್ದರಂತೆ. ಒಣಗಣಿಯ ಧೂಳು ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದು ಉಬ್ಬಸವನ್ನು ತರುವುದನ್ನೂ, ಕೊರೆಯುವ ಗುಣದ ಧೂಳಾದರೆ ಶ್ವಾಸಕೋಶವನ್ನೇ ತಿಂದು ಕ್ಷಯಿಸುವುದನ್ನೂ ವಿವರಿಸುತ್ತಾನೆ. ಕಾರ್ಪೇಥಿಯನ್ ಬೆಟ್ಟಗಳ ಗಣಿಗಳಲ್ಲಿ ಏಳು ಮಂದಿ ಗಂಡಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾಗಿ, ಏಳು ಮಂದಿಯನ್ನೂ ಈ ರೋಗಕ್ಕೆ ಒಪ್ಪಿಸಿದ ಹೆಂಗಸರು ಇದ್ದರೆಂದು ತಿಳಿಸುತ್ತಾನೆ. ಮುಖಕ್ಕೆ ಸಡಿಲವಾದ ಮುಸುಕು, ಮೊಳಕೈವರೆಗೆ ಬರುವ ಕೈಚೀಲ, ಎತ್ತರದ ತೊಗಲ ಪಾದರಕ್ಷೆ ತೊಡಬೇಕೆಂದೂ, ಸುರಂಗಕ್ಕೆ ಗಾಳಿ ಆಡಿಸಬೇಕೆಂದೂ ಉಪಾಯ ಹೇಳುತ್ತಾನೆ. ಕಾರ್ಮಿಕರ ಆರೋಗ್ಯವೆಂಬ ಮಾತೇ ಇಲ್ಲದ ಕಾಲದಲ್ಲಿ ಬರೆದ ಪುಟಗಳಿವು.

ಗಣಿಗಾರಿಕೆಯನ್ನು ನಿಂದಿಸುವವರ ವಾದವನ್ನು ಆತನು ಮೊದಲ ಭಾಗದಲ್ಲಿಯೇ ಮರೆಮಾಚದೆ ಮುಂದಿಟ್ಟಿದ್ದಾನೆ. ಮರಕ್ಕಾಗಿ ಕಾಡು ಕಡಿಯುತ್ತಾರೆ. ಕಾಡಿನೊಡನೆ ಹಕ್ಕಿಗಳೂ ಮೃಗಗಳೂ ಅಳಿಯುತ್ತವೆ. ಅದಿರು ತೊಳೆದ ನೀರು ಹಳ್ಳಗಳನ್ನು ವಿಷಮಾಡಿ ಮೀನುಗಳನ್ನು ಕೊಲ್ಲುತ್ತದೆ. ಬೇಸಾಯದ ನೆಲ ಹಾಳಾಗುತ್ತದೆ. ಲೋಹವಿಲ್ಲದೆ ನೇಗಿಲಿಲ್ಲ, ಮನೆಯಿಲ್ಲ, ಮನುಷ್ಯನು ಮೃಗದಂತೆ ಬಾಳಬೇಕಾಗುವುದು. ಗಣಿಗಳಿರುವುದು ಹೆಚ್ಚಾಗಿ ಬೆಳೆ ಬೆಳೆಯದ ಬೆಟ್ಟಗಳಲ್ಲಿ. ದೋಷ ಲೋಹದ್ದಲ್ಲ, ಅದನ್ನು ಬಳಸುವ ಮನುಷ್ಯನದು: ಇವು ಆತನ ಸಮಾಧಾನಗಳು. ನಾಲ್ಕು ನೂರು ವರ್ಷಗಳಿಗೂ ಮೀರಿದ ಗಣಿಗಾರಿಕೆಯ ಫಲವನ್ನು ಕಂಡಿರುವ ನಮಗೆ ಆ ಉತ್ತರಗಳು ಸಾಲವು. ಆದರೆ ಎದುರಾಳಿಯ ಮಾತನ್ನು ಅದರ ಪೂರ್ಣಬಲದೊಡನೆ ಹೇಳಿದ ಆತನ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಪರಿಸರದ ವಿಚಾರ ಮಾಡುವವರು ಇಂದಿಗೂ ಆ ಪುಟಗಳನ್ನು ತೆರೆಯುತ್ತಾರೆ.

ಹೊರಗಿನ ಲೋಕವು ಈ ಪಂಡಿತನನ್ನು ತನ್ನಷ್ಟಕ್ಕೆ ಬಿಡಲಿಲ್ಲ. 1546ರಲ್ಲಿ ಆತನು ಖೆಮ್ನಿಟ್ಸಿನ ನಗರಾಧ್ಯಕ್ಷನಾದನು. ಒಟ್ಟು ನಾಲ್ಕು ಬಾರಿ ಆ ಹೊಣೆಯನ್ನು ಹೊತ್ತನು. ಅದೇ ವರ್ಷ ಕ್ಯಾಥೊಲಿಕ್ ಚಕ್ರವರ್ತಿಗೂ ಪ್ರಾಟೆಸ್ಟೆಂಟ್ ದೊರೆಗಳಿಗೂ ಯುದ್ಧ ಹತ್ತಿತು. ಸ್ಯಾಕ್ಸನಿಯ ಡ್ಯೂಕ್ ಮೋರಿಟ್ಸ್ ತಾನು ಪ್ರಾಟೆಸ್ಟೆಂಟನಾದರೂ ಚಕ್ರವರ್ತಿಯ ಪಕ್ಷ ಹಿಡಿದಿದ್ದನು. ಎರಡು ಕಡೆಗೂ ಸಲ್ಲುವವನೆಂದು ಅಗ್ರಿಕೋಲನನ್ನು ದೂತಕಾರ್ಯಕ್ಕೆ ಬಳಸಿಕೊಂಡನು. 1550ರ ದಶಕದ ಆರಂಭದಲ್ಲಿ ಪ್ಲೇಗು ಬಂದಾಗ ಆತನು ರೋಗಿಗಳ ನಡುವೆ ದುಡಿದನು. 1554ರಲ್ಲಿ ಆ ರೋಗವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಊರೆಲ್ಲ ಲೂಥರನ ಮತಕ್ಕೆ ಸೇರಿದ್ದರೂ ಆತನು ಮಾತ್ರ ಕ್ಯಾಥೊಲಿಕನಾಗಿಯೇ ಉಳಿದನು. ವೈದ್ಯನ ಮೇಲಣ ಗೌರವದಿಂದ ಜನ ಅದನ್ನು ಸಹಿಸಿಕೊಂಡಿದ್ದರು.

1555ರ ಸೆಪ್ಟೆಂಬರಿನಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ದೊರೆಯ ಮತ ಯಾವುದೋ ನಾಡಿನ ಮತವೂ ಅದೇ ಎಂದು ಅಲ್ಲಿ ನಿರ್ಣಯಿಸಿದರು. ಎರಡು ತಿಂಗಳು ಕಳೆಯುವುದರೊಳಗೆ, ನವೆಂಬರ್ 21ರಂದು, ಅರವತ್ತೊಂದು ವಯಸ್ಸಿನ ಅಗ್ರಿಕೋಲ ಖೆಮ್ನಿಟ್ಸಿನಲ್ಲಿ ಕಣ್ಣುಮುಚ್ಚಿದನು. ಪಾದ್ರಿಗಳು ಆತನ ದೇಹವನ್ನು ಊರಿನ ನೆಲದಲ್ಲಿ ಹೂಳಲು ಒಪ್ಪಲಿಲ್ಲ. ನಾಲ್ಕು ಬಾರಿ ನಗರಾಧ್ಯಕ್ಷನಾಗಿ, ಪ್ಲೇಗಿನ ದಿನಗಳಲ್ಲಿ ಬಾಗಿಲು ಬಾಗಿಲಿಗೆ ಬೇಕಾಗಿದ್ದವನಿಗೆ ಆ ಊರಿನಲ್ಲಿ ಆರಡಿ ಮಣ್ಣು ದೊರೆಯದಾಯಿತು. ಭೂಗರ್ಭದ ಪ್ರತಿಯೊಂದು ಮಣ್ಣಿಗೂ ಹೆಸರಿಟ್ಟವನ ದೇಹವನ್ನು ಮಿತ್ರರು ಬಂಡಿಯ ಮೇಲೆ ಹೇರಿಕೊಂಡು ದೂರದ ತ್ಸೈಟ್ಸ್ ನಗರಕ್ಕೆ ಒಯ್ದರು. ಅಲ್ಲಿಯ ಕ್ಯಾಥೊಲಿಕ್ ಬಿಷಪ್ಪನಾದ ಯೂಲಿಯುಸ್ ಫ್ಲೂಗ್ ಆತನ ಗೆಳೆಯನು. ತ್ಸೈಟ್ಸಿನ ಪ್ರಧಾನ ದೇವಾಲಯದಲ್ಲಿ ಅಗ್ರಿಕೋಲನಿಗೆ ಸಮಾಧಿಯಾಯಿತು.

ಆತನ ಮಹಾಗ್ರಂಥ ಆ ಹೊತ್ತಿಗೆ ಬಾಸೆಲ್ಲಿನಲ್ಲಿ ಅಚ್ಚಿನ ಮೇಲಿತ್ತು. ಮರದಚ್ಚುಗಳ ಕೆತ್ತನೆಗೆ ಹಿಡಿದ ಕಾಲದಿಂದ ಮುದ್ರಣ ತಡವಾಗಿತ್ತು. ಅದು ಹೊರಬಂದದ್ದು 1556ರಲ್ಲಿ, ಕರ್ತೃ ತೀರಿಕೊಂಡ ಕೆಲವು ತಿಂಗಳ ಮೇಲೆ. ಇಪ್ಪತ್ತು ವರ್ಷ ದುಡಿದವನು ತನ್ನ ಪುಸ್ತಕವನ್ನು ಕೈಯಲ್ಲಿ ಹಿಡಿಯಲಿಲ್ಲ. ಮರುವರ್ಷವೇ ಜರ್ಮನ್ ಅನುವಾದ ಬಂದಿತು. 1563ರಲ್ಲಿ ಇಟಾಲಿಯನ್ ಅನುವಾದ. ಎರಡು ಶತಮಾನಗಳ ಕಾಲ ಗಣಿಗಾರರಿಗೆ ಅದೇ ಪ್ರಮಾಣಗ್ರಂಥವಾಗಿತ್ತು. 1912ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಗಣಿ ಎಂಜಿನಿಯರ್ ಹರ್ಬರ್ಟ್ ಹೂವರ್ ಮತ್ತು ಆತನ ಮಡದಿ ಲೂ ಹೂವರ್. ಮಡದಿ ಭೂವಿಜ್ಞಾನವನ್ನು ಓದಿದವಳು, ಲ್ಯಾಟಿನ್ ಬಲ್ಲವಳು. ಪತಿಗೆ ಕಸುಬು ಗೊತ್ತು. ಪಂಡಿತರಿಗೆ ಬಗೆಹರಿಯದ ಅಗ್ರಿಕೋಲನ ಮಾತುಗಳು ಈ ದಂಪತಿಗಳ ಕೈಯಲ್ಲಿ ಬಗೆಹರಿದವು. ಆ ಹೂವರನೇ 1929ರಿಂದ 1933ರವರೆಗೆ ಅಮೆರಿಕದ ಅಧ್ಯಕ್ಷನಾಗಿದ್ದನು.

ಯೋಆಖಿಮ್ಸ್‌ಟಾಲಿನ ಕಥೆ ಬೆಳ್ಳಿಯೊಡನೆ ಮುಗಿಯಲಿಲ್ಲ. ಬೆಳ್ಳಿಯ ಜೊತೆಗೆ ಸಿಕ್ಕಿ ಕೆಲಸಕ್ಕೆ ಬಾರದೆಂದು ಬದಿಗೆ ಬಿದ್ದಿದ್ದ ಕಪ್ಪು ಅದಿರಿನಲ್ಲಿ ಯುರೇನಿಯಂ ಇತ್ತು. ಅಲ್ಲಿಂದ ತರಿಸಿದ ಅದಿರಿನಲ್ಲಿಯೇ 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡರು. ಅದೇ ಬೆಟ್ಟಸಾಲಿನ ಷ್ನೇಬೆರ್ಗ್ ಗಣಿಗಾರರನ್ನು ತಲೆತಲಾಂತರದಿಂದ ಕೊಲ್ಲುತ್ತಿದ್ದ ರೋಗವು ಶ್ವಾಸಕೋಶದ ಅರ್ಬುದವೆಂದು 1879ರಲ್ಲಿ ವೈದ್ಯರು ತೋರಿಸಿಕೊಟ್ಟರು. ಯುರೇನಿಯಂ ಇರುವ ಬಂಡೆಯಿಂದ ಹೊಮ್ಮುವ ರೇಡಾನ್ ಅನಿಲ ಅದರ ಮುಖ್ಯ ಕಾರಣವೆಂಬುದು 20ನೆಯ ಶತಮಾನದಲ್ಲಿ ಖಚಿತವಾಯಿತು. ಎರಡನೆಯ ಮಹಾಯುದ್ಧದ ಅನಂತರ ಅಲ್ಲಿಯ ಯುರೇನಿಯಂ ಗಣಿಗಳಲ್ಲಿ ರಾಜಕೀಯ ಸೆರೆಯಾಳುಗಳನ್ನು ದುಡಿಸಿದರು. ಯಾಖಿಮೊವ್ ಎಂಬ ಚೆಕ್ ಹೆಸರಿನಿಂದ ಆ ಊರು ಇಂದಿಗೂ ಇದೆ.

ಧೂಳು, ರೋಗ, ವಿಧವೆಯರು ಎಂದು ಅಗ್ರಿಕೋಲ ಬರೆದಿಟ್ಟ ಪುಟಗಳಿಗೆ ಕಾರಣ ತಿಳಿಯಲು ಲೋಕಕ್ಕೆ ಮುನ್ನೂರು ವರ್ಷಗಳಿಗೂ ಹೆಚ್ಚು ಬೇಕಾಯಿತು. ಕಾರಣ ಆತನಿಗೂ ತಿಳಿದಿರಲಿಲ್ಲ. ಆದರೆ ಕಂಡದ್ದನ್ನು ಕಂಡಂತೆ ಬರೆದನು. ಬಿಸ್ಮತ್ತಿನ ಬಣ್ಣವನ್ನು ಎಷ್ಟು ಎಚ್ಚರದಿಂದ ಬರೆದನೋ ಅಗೆಯುವವನ ಕೆಮ್ಮನ್ನೂ ಅಷ್ಟೇ ಎಚ್ಚರದಿಂದ ಬರೆದನು. ಇಂದು ಆತನ ಪುಸ್ತಕವನ್ನು ತೆರೆದವರಿಗೆ ಆ ಮರದಚ್ಚಿನ ಚಿತ್ರಗಳಲ್ಲಿ ಹೆಸರಿಲ್ಲದ ಕೆಲಸಗಾರರು ಏಣಿಯಿಳಿಯುತ್ತ, ಬುಟ್ಟಿ ಹೊರುತ್ತ, ಚಕ್ರ ತಿರುಗಿಸುತ್ತ ಇರುವುದು ಕಾಣುತ್ತದೆ. ಅವರಿಗೆ ಬೇರೆ ಸ್ಮಾರಕವಿಲ್ಲ.